ಕೂತರೆ ಕೆಡುವ ಮಿಷನ್

ನಾನು ಮೊದಲ ಸಲ ಮನೆ ಬಿಟ್ಟು ಹೊರಟದ್ದು ಒಂದು ಸೋಮವಾರ. ಏಳನೇ ಕ್ಲಾಸಿನ ಗಣಿತ ಪರೀಕ್ಷೆ ಇತ್ತು. ಪರೀಕ್ಷೆಗೆಂದು ಹೊರಟವನು ಎದುರು ಬಂದ ಬಸ್ಸು ಹತ್ತಿದೆ. ಅದು ಮುಂಬಯಿಯ ಬಸ್ಸು. ಅಂದಿನಿಂದ ನಾನು ಎಲ್ಲಿಗೆ ಹೋದರೂ ನನಗಿಂತ ಮೊದಲೇ ಅಲ್ಲೊಂದು ಆಘಾತ ಬಂದು ಕಾದು ಕೂತಿರುತ್ತದೆ.

ಕಲ್ಯಾಣಿನಲ್ಲಿ ಪಾರ್ಸೆಲ್ ಹೊತ್ತೆ, ವಾಶಿಯಲ್ಲಿ ಈರುಳ್ಳಿ ತೂಗಿದೆ, ಥಾಣೆಯ ಹೋಟೆಲುಗಳಲ್ಲಿ ಲೋಟ ತೊಳೆದೆ. ಎಲ್ಲೂ ಕಾಲು ನಿಲ್ಲಲಿಲ್ಲ. ಕೊನೆಗೆ ಡೊಂಬಿವಿಲಿಯ ಅಕ್ಕನ ಮನೆಗೆ ಬಂದು, "ಇನ್ನು ಸ್ವಂತ ಬಿಸಿನೆಸ್. ಟಿ-ಶರ್ಟಿನ ಮೇಲೆ ಚಿತ್ರ ಪ್ರಿಂಟ್ ಮಾಡುವ ಹಳೆ ಮಿಷನ್ ಒಂದು ಸಿಗ್ತದೆ" ಎಂದೆ.

ಅಕ್ಕ ಹಿಗ್ಗಿದಳು. "ಈ ಸಲ ನನ್ನ ತಮ್ಮ ನಿಲ್ತಾನೆ, ನೋಡಿ" ಎಂದು ಭಾವನಿಗೆ ಹೇಳಿದಳು.

ಭಾವ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಕ್ಯಾಷಿಯರ್. ಮಾತನ್ನೂ ಚಿಲ್ಲರೆಯ ಹಾಗೆ ಎಣಿಸಿ ಕೊಡುವವರು. "ಲೋಕಲ್ ಟ್ರೇನೂ ನಿಲ್ತದೆ. ಎಷ್ಟು ಹೊತ್ತು ಅಂತ ಹೇಳು" ಎಂದರು.

ಪ್ರಿಂಟ್ ಮಿಷನ್ನಿಗೆ ಜಾಗವಾಗಲೆಂದು ಬಾಲ್ಕನಿಯಲ್ಲಿದ್ದ ಅಕ್ಕನ ವಾಷಿಂಗ್ ಮಿಷನ್ ಹೋಟೆಲಿನ ಗೋದಾಮಿಗೆ ಹೋಯಿತು. ಬಟ್ಟೆಯನ್ನು ಕೈಯಲ್ಲೇ ಒಗೆಯುತ್ತೇನೆ ಎಂದಳು. ಭಾವ ಒಂದೇ ಷರತ್ತು ಹಾಕಿದರು: "ಇವನು ಅರ್ಧಕ್ಕೆ ಬಿಟ್ಟು ಓಡಿದರೆ ಆ ಪ್ರಿಂಟ್ ಮಿಷನ್ ಸೀದಾ ಗುಜರಿಗೆ."

ಹೆಣ್ಣು ನೋಡುವ ಶಾಸ್ತ್ರ

ಹಳೆ ಸ್ಕೂಟರು, ಹಳೆ ಗ್ರೈಂಡರು ಕೊಂಡು ಪಳಗಿದವನು ನಾನು. ವಾಗ್ಳೆ ಎಸ್ಟೇಟಿನ ಒಂದು ಗಾಳೆಯಲ್ಲಿ, ಶಟರ್ ಅರ್ಧ ಎಳೆದಿದ್ದ ಅಂಗಡಿಯಂಥ ಕೋಣೆಯಲ್ಲಿ, ಮಿಷನ್ನಿನ ಮೈ ಬಡಿದು ನೋಡಿದೆ, ಬಗ್ಗಿ ಹೊಟ್ಟೆ ನೋಡಿದೆ. ಒಂದು ಗೀರಿಲ್ಲ.

"ಎಷ್ಟು ಓಡಿದೆ?" ಎಂದೆ ಗತ್ತಿನಿಂದ.

"ಅರೆ ಭಾಯ್, ಓಡೇ ಇಲ್ಲ! ವರ್ಷದಿಂದ ಹೀಗೇ ಬಟ್ಟೆ ಮುಚ್ಚಿ ಇಟ್ಟದ್ದು. ಯಾರೂ ಬೆರಳು ಮುಟ್ಟಿಸಿಲ್ಲ" ಎಂದ ಮಾರುವವನು.

ನನ್ನ ಅದೃಷ್ಟಕ್ಕೆ ನಾನೇ ಬೆರಗಾದೆ. ಅವನು ಸ್ವಿಚ್ ಹಾಕಿದ. ಹಸಿರು ದೀಪ ಹತ್ತಿತು. ಪಕ್ಕದಲ್ಲಿ ಹುಲಿಯ ಮುಖದ ಟಿ-ಶರ್ಟೊಂದು ನೇತಾಡುತ್ತಿತ್ತು. "ಇದರಲ್ಲೇ ಮಾಡಿದ್ದಾ?" ಎಂದೆ. "ಮತ್ತೆ?" ಎಂದ. ಆ "ಮತ್ತೆ"ಗೆ ನಾನು ಮಾರುಹೋದೆ. ಹುಲಿಯನ್ನು ಉಚಿತವಾಗಿ ಕೊಟ್ಟ.

ಮನೆಯಲ್ಲಿ ಭಾವ ಹುಲಿಯನ್ನು ನೋಡಿ, "ಓ, ಇದಾ? ನಮ್ಮ ದೋಸೆಯವನ ಹತ್ತಿರ ಇಂಥ ಎರಡು ಉಂಟು. ಉಲ್ಹಾಸನಗರದ ಫುಟ್‌ಪಾತಿನಲ್ಲಿ ರಾಶಿ ಹಾಕಿರ್ತಾರೆ" ಎಂದರು.

ಮೊದಲ ಪ್ರಿಂಟ್

ಪೂಜೆ ಆಗದೆ ಮಿಷನ್ ಮುಟ್ಟಬಾರದೆಂದು ಅಕ್ಕನ ಆಜ್ಞೆ. ಕಾಯಿ ಒಡೆದಳು, ಹೂ ಇಟ್ಟಳು. ಟಿ-ಶರ್ಟ್ ಹಾಸುವ ಹಲಗೆ ಅವಳಿಗೆ ದೇವರ ಮಣೆಯ ಹಾಗೆ ಕಂಡಿರಬೇಕು. ನಾನು ಕೈಮುಗಿದು ಕಣ್ಣು ಮುಚ್ಚಿದ್ದಾಗ ಅದರ ನಡುವಿಗೂ ಒದ್ದೆ ಕುಂಕುಮ ಇಟ್ಟಳು.

ಬಿಳಿ ಟಿ-ಶರ್ಟ್ ಹಾಸಿ ಗುಂಡಿ ಒತ್ತಿದೆ. ಗಣಪತಿಯ ಚಿತ್ರ ಬರಬೇಕಿತ್ತು. ಮಿಷನ್ ಆಚೆ ಈಚೆ ಹೋಯಿತು, ನರಳಿತು, ಉಸಿರು ಬಿಟ್ಟಿತು. ಟಿ-ಶರ್ಟ್ ಹೊರಗೆ ಬಂತು. ಗಣಪತಿ ಇಲ್ಲ. ಅಚ್ಚ ಬಿಳಿ. ನಡುವೆ, ಹಲಗೆಯಿಂದ ಹೀರಿ ಬಂದ ಒಂದು ಕೆಂಪು ಬೊಟ್ಟು.

ಭಾವ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಪರೀಕ್ಷಿಸಿದರು. "ಪ್ರಿಂಟ್ ಒಳ್ಳೆಯದುಂಟು ಮಾರಾಯ. ಹಣೆ ಯಾರದ್ದು?"

ವೈದ್ಯರ ಮಾತು

ಅಂಬರನಾಥದಿಂದ ಮೆಕ್ಯಾನಿಕ್ ಬಂದ. ಮುಚ್ಚಳ ತೆಗೆದು ಒಳಗೆ ಟಾರ್ಚ್ ಬಿಟ್ಟವನು ನನ್ನನ್ನು ನೋಡಿದ ರೀತಿಗೆ, ಮನೆಯವರನ್ನೆಲ್ಲ ಕರೆಸಬೇಕೇನೋ ಅನ್ನಿಸಿತು.

"ಎಷ್ಟು ದಿನ ನಿಲ್ಲಿಸಿ ಇಟ್ಟಿದ್ದರು?"

"ವರ್ಷವೇ ಆಯ್ತಂತೆ. ಮುಟ್ಟಿಯೇ ಇಲ್ಲ!" ಎಂದೆ ಹೆಮ್ಮೆಯಿಂದ.

ಅವನು ತಲೆಗೆ ಕೈಹಚ್ಚಿದ. "ಸೇಠ್, ಹಗಲೂ ರಾತ್ರಿ ದುಡಿಸಿದ್ದರೆ ಚೆನ್ನಾಗಿರುತ್ತಿತ್ತು. ಇದರ ಬಿಳಿ ಇಂಕು ಸುಣ್ಣದ ಹಾಗೆ. ಕೂತರೆ ತಳ ಹಿಡಿದು, ಇಂಕು ಚಿಮ್ಮುವ ಹೆಡ್ಡಿನ ತೂತೆಲ್ಲ ಮುಚ್ಚುತ್ತದೆ. ಬೇರೆ ಬಣ್ಣದ್ದೂ ಒಣಗಿ ಹೋಗಿದೆ. ಇದು ಓಡಿ ಕೆಟ್ಟದ್ದಲ್ಲ, ಕೂತು ಕೂತು ಕೆಟ್ಟದ್ದು."

ಅಡುಗೆಮನೆಯಿಂದ ಅಕ್ಕ, "ಹಾಗಾದರೆ ನಮ್ಮ ತಮ್ಮನಿಗೆ ನೂರು ವರ್ಷ ಏನೂ ಆಗುದಿಲ್ಲ" ಎಂದಳು.

ಹೆಡ್ಡು ನೆನೆಸಿ, ತೊಳೆದು, ಮತ್ತೆ ನೆನೆಸಿ, ಅಂತೂ ಜೀವ ಬರಿಸಿದ. ಹೋಗುವಾಗ ಪಥ್ಯ ಹೇಳಿದ: ದಿನಾ ಬೆಳಿಗ್ಗೆ ಬಿಳಿ ಇಂಕು ಕುಲುಕಬೇಕು, ಹೆಡ್ಡು ಒರೆಸಬೇಕು, ಒಂದು ಗೆರೆಯಾದರೂ ಪ್ರಿಂಟ್ ತೆಗೆಯಬೇಕು. ಭಾನುವಾರವಿಲ್ಲ, ಗಣೇಶ ಚೌತಿಯಿಲ್ಲ.

"ಊರಿಗೆ ಹೋಗುವುದಾದರೆ?"

"ಹೋಗುವ ಹಾಗೇ ಇಲ್ಲ."

ನಾನು ಬಾಗಿಲ ಕಡೆ ನೋಡಿದೆ. ಅಕ್ಕ ಮಾತ್ರ ಮೆಕ್ಯಾನಿಕ್ಕಿಗೆ ಇನ್ನೊಂದು ಪ್ಲೇಟ್ ಗೋಳಿಬಜೆ ಕೊಟ್ಟಳು.

ಆರಿದ ಕಾಫಿ

ಮೊದಲ ಆರ್ಡರ್ ನೌಪಾಡಾದ ಹೋಟೆಲಿನವರದ್ದು, ನಮ್ಮ ಕಡೆಯವರೇ. ವೇಟರುಗಳಿಗೆ ಕಪ್ಪು ಟಿ-ಶರ್ಟ್, ಎದೆಯ ಮೇಲೆ ಹಿತ್ತಾಳೆ ಬಣ್ಣದ ಕಾಫಿ ಲೋಟ, ಅದರಿಂದ ಏಳುವ ಬಿಳಿ ಹಬೆ. ಕಪ್ಪು ಬಟ್ಟೆಗೆ ಮೊದಲು ಒಂದು ದ್ರಾವಣ ಹೊಡೆದು ಒಣಗಿಸದಿದ್ದರೆ ಬಿಳಿ ಹಿಡಿಯುವುದಿಲ್ಲ ಎಂದು ಮೆಕ್ಯಾನಿಕ್ ಹೇಳಿದ್ದ. ನನಗೆ ಕಾಯುವ ತಾಳ್ಮೆ ಎಲ್ಲಿಂದ? ಸೀದಾ ಪ್ರಿಂಟ್ ಹೊಡೆದೆ. ಹಬೆ ಎಷ್ಟು ಚಂದ ಬಂತೆಂದರೆ ಮೂಗಿಗೆ ಪರಿಮಳ ಬಂದಂತಾಯಿತು.

ಅದೇ ವಾರ ಫೋನು. "ಎಂತ ಮಾರಾಯ ನಿನ್ನ ಕೆಲಸ? ಒಂದು ಸಲ ಒಗೆದದ್ದಕ್ಕೆ ಹಬೆಯೆಲ್ಲ ಹೋಯಿತು. ಈಗ ಗಿರಾಕಿಗಳು ವೇಟರಿನ ಎದೆ ನೋಡಿ, ಕಾಫಿ ಬಿಸಿ ಉಂಟಾ ಅಂತ ಕೇಳ್ತಾರೆ!"

ಕುಲುಕುವವರು

ಎಲ್ಲವನ್ನೂ ಮತ್ತೆ ಮಾಡಿಕೊಡುತ್ತೇನೆಂದು ಮಾತು ಕೊಟ್ಟೆ. ಮರುದಿನ ಟಿ-ಶರ್ಟ್ ತರಲೆಂದು ಹೊರಟವನು ಕಲ್ಯಾಣ್ ಸ್ಟೇಷನ್ನಿನಲ್ಲಿ ನಿಂತಿದ್ದ ದೂರದ ಗಾಡಿಯೊಂದನ್ನು ನೋಡಿದೆ. ಹತ್ತಿದೆ. ಯಾಕೆಂದು ನನ್ನನ್ನು ಕೇಳಬೇಡಿ, ನನ್ನ ಕಾಲನ್ನು ಕೇಳಿ.

ವಾರ ಕಳೆದು, ಮಿಷನ್ನಿನ ಪಾಡು ನೆನೆದು ಬೆವರಿ, ವಾಪಸ್ ಬಂದೆ. ಹೆಡ್ಡು ಕಟ್ಟಿರುತ್ತದೆ, ಗುಜರಿಯವನು ಬಂದು ಹೋಗಿರುತ್ತಾನೆ, ಅಕ್ಕ ಅತ್ತಿರುತ್ತಾಳೆ. ಬಾಗಿಲು ತೆರೆದವನು ಹೊಸ್ತಿಲಲ್ಲೇ ಕಂಬವಾದೆ.

ಮನೆಯ ತುಂಬ ಹಗ್ಗ. ಹಗ್ಗದ ತುಂಬ ಕಪ್ಪು ಟಿ-ಶರ್ಟು. ಪ್ರತಿಯೊಂದರ ಮೇಲೂ ಹಬೆಯಾಡುವ ಕಾಫಿ. ಅಕ್ಕ ಮಿಷನ್ನಿನ ಮುಂದೆ. ಪಕ್ಕದಲ್ಲಿ ಲುಂಗಿ ಎತ್ತಿ ಕಟ್ಟಿದ ಭಾವ, ಬಿಳಿ ಇಂಕಿನ ಬಾಟಲಿಯನ್ನು ಲಸ್ಸಿಯ ಹಾಗೆ ಕುಲುಕುತ್ತಿದ್ದಾರೆ!

"ಭಾವ, ನೀವು? ಗುಜರಿ ಅಂದಿರಲ್ಲ?"

"ನೀನು ಹೋದದ್ದು ಒಳ್ಳೆಯದಾಯ್ತು. ಇಬ್ಬರಿಗೇ ಈ ಬಾಲ್ಕನಿ ಸಾಲುದಿಲ್ಲ" ಎಂದರು, ಕುಲುಕುವುದನ್ನು ನಿಲ್ಲಿಸದೆ.

ನಾನು ಚೀಲ ತುಂಬತೊಡಗಿದೆ. ಎರಡು ಪ್ಯಾಂಟು, ಸೋಪು, ಆ ಹುಲಿ. ಅಕ್ಕ ಬಂದು ಒಂದು ಕಪ್ಪು ಟಿ-ಶರ್ಟ್ ಮೇಲಿಟ್ಟಳು. ಬಿಡಿಸಿದೆ. ಬೆನ್ನ ಮೇಲೆ ದಪ್ಪ ಬಿಳಿ ಅಕ್ಷರ, ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ: "ಇವನು ಎಲ್ಲಿ ಸಿಕ್ಕಿದರೂ ಡೊಂಬಿವಿಲಿಯ ಅಕ್ಕನಿಗೆ ಫೋನ್ ಮಾಡಿ." ಕೆಳಗೆ ನಂಬರು.

"ಒಂದು ಸಲ ಒಗೆದರೆ ಹೋಗ್ತದೆ ಬಿಡು" ಎಂದು ನಕ್ಕೆ.

"ಹೋಗುದಿಲ್ಲ. ಮಿಷನ್ ಸರಿಯಾದ ವಾರವೇ ಪ್ರಿಂಟ್ ಮಾಡಿದ್ದು" ಎಂದಳು ಅಕ್ಕ. "ಅಂದಿನಿಂದ ದಿನಾ ಒಗೆದು ನೋಡ್ತಾ ಇದ್ದೇನೆ. ಕೈಯಲ್ಲೇ."