ಕೆಂಪು ಗೌನಿಗೆ ಹೇಳಿದ ಮಾತು

ಬೆಳಿಗ್ಗೆ ಎದ್ದವನೇ ಗಡಿಯಾರ ರಿಪೇರಿಯವನು ತನ್ನ ಕನ್ನಡಕವನ್ನು ತಾನೇ ತುಳಿದ. ಹೊಸದು ಸಿಗುವುದು ನಾಳೆ. ಅಲ್ಲಿಯವರೆಗೆ ಲೋಕವೆಲ್ಲ ಹಾಲಿನಲ್ಲಿ ಅದ್ದಿ ತೆಗೆದಂತೆ. ಆದರೆ ಅದರಲ್ಲೊಂದು ಲಾಭವೂ ಅವನಿಗೆ ಹೊಳೆಯಿತು. ಎದುರು ಹೊಲಿಗೆ ಅಂಗಡಿಯ ಹುಡುಗಿಯ ಕಣ್ಣು ಕಂಡರೆ ಸಾಕು, ಮೂರು ವರ್ಷದಿಂದ ಅವನ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಇವತ್ತು ಆ ಕಣ್ಣೇ ಕಾಣುವುದಿಲ್ಲವಲ್ಲ!

ರಸ್ತೆ ದಾಟಿದ. ಬಾಗಿಲಲ್ಲೇ ಕೆಂಪು ಗೌನು ತೊಟ್ಟು ನಿಂತಿದ್ದಳು.

“ನೋಡಿ, ಸುತ್ತಿ ಬಳಸಿ ಮಾತಾಡೋಕೆ ನಂಗೆ ಬರಲ್ಲ. ಈ ಕೆಂಪು ನಿಮಗೆ ಎಷ್ಟು ಒಪ್ಪತ್ತೆ ಗೊತ್ತಾ? ನಿಮ್ಮನ್ನೇ ನೋಡ್ತಾ ನಿನ್ನೆ ಒಂದು ಗಡಿಯಾರಕ್ಕೆ ಎರಡೂ ಗಂಟೆ ಮುಳ್ಳೇ ಹಾಕ್ಬಿಟ್ಟೆ. ನನ್ನ ಮದುವೆ ಆಗ್ತೀರಾ?”

ಉತ್ತರವಿಲ್ಲ. ಮೌನವೇ ಸಮ್ಮತಿ ಎಂದುಕೊಂಡು ಕೈ ಹಿಡಿದ. ಕೈ ಕಿತ್ತು ಅವನ ಕೈಗೇ ಬಂತು.

ಅವನು ಕಿರುಚಿದ ರಭಸಕ್ಕೆ ಪಕ್ಕದ ಕ್ಷೌರದಂಗಡಿಯವನು ಅರ್ಧ ಗಡ್ಡ ಬೋಳಿಸಿದ ಗಿರಾಕಿಯ ಸಮೇತ ಓಡಿಬಂದ.

“ಅಯ್ಯೋ ಪುಣ್ಯಾತ್ಮ, ಅದು ಗೊಂಬೆ ಕಣೋ! ಅವಳು ದಾರ ತರೋಕೆ ಹೋಗಿದಾಳೆ.”

“ಯಾರಿಗೂ ಹೇಳ್ಬೇಡ,” ಎಂದು ಇವನು ಮೂರೂ ಕೈ ಜೋಡಿಸಿ ಮುಗಿದ.

“ಹೊಟ್ಟೇಲೇ ಇಟ್ಕೋತೀನಿ, ಹೋಗು.”

ಆ ಹೊಟ್ಟೆಯಲ್ಲಿ ಗುಟ್ಟು ನಿಂತರೆ ಜರಡಿಯಲ್ಲಿ ನೀರೂ ನಿಂತೀತು. ಮಧ್ಯಾಹ್ನದೊಳಗೆ ಬೀದಿಗೆ ಬೀದಿಯೇ ಇವನ ಅಂಗಡಿಯೊಳಗೆ ಇಣುಕಿ ಕೇಳತೊಡಗಿತು: “ಏನಯ್ಯಾ, ಹುಡುಗಿ ಕೈ ಕೊಟ್ಟಳಂತೆ?”

ಸಂಜೆಗೆ ಸಿಟ್ಟು ನೆತ್ತಿಗೇರಿತು. ದಡದಡನೆ ಮತ್ತೆ ರಸ್ತೆ ದಾಟಿದ. ಒಳಗೆ ಮಸುಕಾಗಿ ಇಬ್ಬರು: ಒಂದು ಕೆಂಪು, ಒಂದು ನೀಲಿ. ಈ ಸಲ ಮೋಸ ಹೋಗುವ ಆಸಾಮಿಯಲ್ಲ ಅವನು. ಸೀದಾ ನೀಲಿಯ ಮುಂದೆ ನಿಂತ.

“ತಪ್ಪು ತಿಳೀಬೇಡಿ. ನಿಮಗೆ ಹೇಳೋ ಮಾತನ್ನ ಬೆಳಿಗ್ಗೆ ಈ ಕೆಂಪು ಪಿಶಾಚಿಗೆ ಹೇಳ್ಬಿಟ್ಟೆ. ಇದಕ್ಕೂ ಒಂದು ಮುಖಾನಾ? ಸೊಂಟಾನಾ ಅದು, ನೀರಿನ ಡ್ರಮ್ಮು! ಮೊದಲು ತಗೊಂಡೋಗಿ ಗುಜರಿಗೆ ಹಾಕಿ!”

ನೀಲಿ ಸುಮ್ಮನಿತ್ತು. ಕೆಂಪು ಮಾತಾಡಿತು.

“ನಿಮಗೆ ಕೆಂಪು ಇಷ್ಟ ಅಂತ ಕ್ಷೌರದಂಗಡಿಯವರು ಹೇಳಿದ್ರು. ಗೊಂಬೆ ಮೈಯಿಂದ ಬಿಚ್ಚಿ ನಾನೇ ಹಾಕ್ಕೊಂಡು, ‘ಹ್ಞೂಂ’ ಅನ್ನೋಣ ಅಂತ ಮಧ್ಯಾಹ್ನದಿಂದ ಕಾಯ್ತಿದ್ದೆ. ನಾಚಿಕೆಗೆ ಮಾತು ಹೊರಡದೆ ನಿಂತ್ರೆ, ಡ್ರಮ್ಮಾ?”

“ಇನ್ನೊಂದು ಸಲ... ಮೊದಲಿಂದ ಕೇಳಲಾ?” ಎಂದು ಅವನು ತೊದಲಿದ.

“ಧಾರಾಳವಾಗಿ ಕೇಳಿ. ಇವಳನ್ನೇ ಕೇಳಿ,” ಎಂದು ಅವಳು ನೀಲಿ ಗೊಂಬೆಯನ್ನು ಅವನ ತೋಳಿಗೆ ಒರಗಿಸಿ, ಇಬ್ಬರನ್ನೂ ಹೊರಗೆ ನೂಕಿ ಬಾಗಿಲು ಹಾಕಿಕೊಂಡಳು.