ಬೀರೂರಲ್ಲಿ ಬಲಕ್ಕೆ

ವಿಮಾನ ಓಡಿಸೋದನ್ನು ಕಲಿಯಲು ಸೇರಿದವಳು ನಾನೊಬ್ಬಳೇ. ಆದರೆ ಹೇಳಿಕೊಡಲು ಅಜ್ಜಂಪುರದ ನಮ್ಮ ಮನೆಯವರೆಲ್ಲ ನಿಂತುಬಿಟ್ಟರು. ಹಾಗಾಗಿ ನಾನು ಎಷ್ಟು ಸಾವಿರ ಅಡಿ ಮೇಲೆ ಹೋದರೂ ಫಜೀತಿಗಳು ಕೆಳಗಿನಿಂದ ಹತ್ತಿಕೊಂಡು ಬರುತ್ತಲೇ ಇದ್ದವು.

ಎರಡು ಹಾರ್ನ್

ಅಪ್ಪ ಅಜ್ಜಂಪುರ–ತರೀಕೆರೆ ಪ್ರೈವೇಟ್ ಬಸ್ಸಿನ ಡ್ರೈವರ್. ನಮ್ಮ ಮನೆಯೂ ಆ ರಸ್ತೆಯಲ್ಲೇ. ಮನೆ ಹತ್ತಿರ ಬರುವಾಗ ಅಪ್ಪ ಎರಡು ಹಾರ್ನ್ ಹೊಡೆಯುತ್ತಾರೆ, ಬಸ್ಸು ನಿಧಾನವಾಗುತ್ತದೆ, ಅಜ್ಜಿ ಕಿಟಕಿಯಲ್ಲಿ ಊಟದ ಡಬ್ಬಿ ಕೊಡುತ್ತಾಳೆ. ವಾಸನೆ ಹಿಡಿದೇ ಪ್ಯಾಸೆಂಜರುಗಳು ಇವತ್ತು ಹುರುಳಿಕಾಳು ಸಾರು ಅಂತ ಹೇಳಿಬಿಡುತ್ತಾರೆ.

ನಾನು ಬೆಂಗಳೂರು ಕಡೆಯಿಂದ ಒಬ್ಬಳೇ ಹೊರಟು, ಕಡೂರು, ಬೀರೂರು, ತರೀಕೆರೆ ಮೇಲೆ ಹಾರಿ, ಲಕ್ಕವಳ್ಳಿ ಡ್ಯಾಮ್ ಸುತ್ತಿ ವಾಪಸಾಗಬೇಕಿತ್ತು. ಅದು ಸರಿಯಾದರೆ ಮಾತ್ರ ಲಾಗ್‌ಬುಕ್ಕಿಗೆ ಇನ್‌ಸ್ಟ್ರಕ್ಟರ್ ಸಹಿ. ಆ ಸಹಿ ಇಲ್ಲದೆ ಲೈಸೆನ್ಸಿನ ಮಾತೇ ಇಲ್ಲ. ವಾರದಿಂದ ನನಗೆ ಊಟ ಸೇರುತ್ತಿರಲಿಲ್ಲ. ನಮ್ಮೂರು ದಾರಿಗೆ ಸಿಗಲ್ಲ, ಬಲಗಡೆ ದೂರ ಉಳಿಯುತ್ತೆ ಅಂತ ಫೋನಿನಲ್ಲಿ ಬಿಡಿಸಿ ಹೇಳಿದೆ.

ಅಜ್ಜಿ ಎಲ್ಲ ಕೇಳಿಸಿಕೊಂಡು, "ಆಯ್ತು. ಮನೆ ಹತ್ರ ಬಂದಾಗ ಎರಡು ಹಾರ್ನ್ ಹೊಡಿ ಕಣೇ, ಡಬ್ಬಿ ಹಿಡ್ಕಂಡು ನಿಂತಿರ್ತೀನಿ" ಅಂದಳು.

"ಅಜ್ಜಿ, ವಿಮಾನಕ್ಕೆ ಹಾರ್ನ್ ಇರಲ್ಲ."

"ಹಾರ್ನ್ ಇಲ್ದಿರೋ ಗಾಡೀನ ಯಾಕೆ ಇಸ್ಕಂಡೆ? ವಾಪಸ್ ಕೊಟ್ಟು ಬೇರೇದ್ ಕೇಳು."

ಅಪ್ಪನ ಟೈಮಿಂಗ್

ಮ್ಯಾಪಿನಲ್ಲಿ ಗೆರೆ ಎಳೆದು, ಒಂದೊಂದು ಊರಿಗೂ ನಿಮಿಷ ಬರೆದ ಹಾಳೆಯ ಫೋಟೋ ಅಪ್ಪನಿಗೆ ಕಳಿಸಿದೆ. ರೂಟ್ ಓಡಿಸಿ ತಲೆ ಬೆಳ್ಳಗಾದವರು, ಹೆಮ್ಮೆ ಪಡಲಿ ಅಂತ. ಕೂಡಲೇ ಫೋನು.

"ಬೀರೂರಿಂದ ತರೀಕೆರೆಗೆ ಎಂಟು ನಿಮಿಷನಾ? ರೈಲ್ವೆ ಗೇಟ್ ಹಾಕಿದ್ರೆ?"

"ಅಪ್ಪ, ನಾನು ಮೇಲೆ ಹೋಗ್ತೀನಿ."

"ಆದ್ರೂ ಹತ್ತು ನಿಮಿಷ ಇಟ್ಕೋ. ಟೈಮಿಗ್ ಮುಂಚೆ ಹೋದ್ರೆ ಮುಂದಿನ ಗಾಡಿಯೋರು ಜಗಳಕ್ಕೆ ಬತ್ತಾರೆ."

ಜಂಕ್ಷನ್

ಹಾರಾಟದ ದಿನ ಕಡೂರು ಸಮಯಕ್ಕೆ ಸರಿಯಾಗಿ ಕೆಳಗೆ ಬಂತು. ರೈಲು ಹಳಿ ಹಿಡಿದು ಬೀರೂರಿಗೂ ಬಂದೆ. ಅಲ್ಲಿ ಹಳಿ ಕವಲೊಡೆಯುತ್ತದೆ. ಎಡಕ್ಕೆ ಹೋದರೆ ತರೀಕೆರೆ, ಬಲಕ್ಕೆ ಹೋದರೆ ಅಜ್ಜಂಪುರ. ಹಾಸ್ಟೆಲಿನಿಂದ ಊರಿಗೆ ಬರುವಾಗ, ರೈಲು ಬೀರೂರು ಬಿಟ್ಟ ಕೂಡಲೇ ಚಪ್ಪಲಿ ಮೆಟ್ಟಿ, ಬ್ಯಾಗು ಹೆಗಲಿಗೇರಿಸಿ ಬಾಗಿಲಲ್ಲಿ ನಿಲ್ಲುವವಳು ನಾನು. ಕೈ ತನ್ನ ಪಾಡಿಗೆ ತಾನು ಬಲಕ್ಕೆ ತಿರುಗಿಸಿತು. ಕೆಳಗೆ ನಮ್ಮ ಸ್ಟೇಷನ್ನು ಕಂಡಾಗ ಮೊದಲು ಖುಷಿಯಾಯಿತು, ಆಮೇಲೆ ತರೀಕೆರೆ ದಾರಿ ಬಿಟ್ಟು ಬಂದದ್ದು ಹೊಳೆಯಿತು. ದಾರಿ ತಪ್ಪಿದರೆ ರೇಡಿಯೋದಲ್ಲಿ ಹೇಳಿ, ಗೊತ್ತಿರುವ ಜಾಗ ಹಿಡಿದು ವಾಪಸ್ ಬಾ ಅಂತ ಹೇಳಿಕೊಟ್ಟಿದ್ದರು. ಹಾಗೇ ಮಾಡಿದೆ.

ಇನ್‌ಸ್ಟ್ರಕ್ಟರ್ ನಾನು ಹಾರಿದ ಗೆರೆಯನ್ನು ಪರದೆಯ ಮೇಲೆ ನೋಡಿ, "ಇಲ್ಲಿ ಬಲಕ್ಕೆ ಯಾಕಮ್ಮ ತಿರುಗಿದೆ?" ಅಂದರು.

"ಸರ್, ಬೀರೂರಲ್ಲಿ ಎಡಕ್ಕೆ ತಿರುಗಿ ಗೊತ್ತೇ ಇಲ್ಲ."

ಅವರು ನಕ್ಕರು, ಸಹಿ ಮಾತ್ರ ಹಾಕಲಿಲ್ಲ. "ತಪ್ಪು ನಂದೇ. ನಿಂಗೆ ಗೊತ್ತಿಲ್ದಿರೋ ಊರಿನ ರೂಟ್ ಕೊಡ್ಬೇಕಿತ್ತು."

ಅಳು ಬಂದದ್ದು ಅಲ್ಲಲ್ಲ, ಅಮ್ಮನಿಗೆ ಫೋನ್ ಮಾಡಿದಾಗ. ಅಪ್ಪ ಮನೆಯವರನ್ನೂ ಬೀದಿಯವರನ್ನೂ ಬಸ್ಸಿನಲ್ಲಿ ತುಂಬಿಕೊಂಡು ತರೀಕೆರೆಗೆ ಹೋಗಿ, ಎಲ್ಲರೂ ಕತ್ತು ಎತ್ತಿಕೊಂಡು ನಿಂತಿದ್ದರಂತೆ. "ನನ್ ಮಗಳು ರೂಟ್ ಬಿಡಲ್ಲ" ಅಂತ ಕಂಡಕ್ಟರಿಗೆ ಹೇಳುತ್ತಲೇ ಇದ್ದರಂತೆ. ಅವರ ಜೊತೆ ಹೋಗದೆ ಉಳಿದವಳು ಅಜ್ಜಿ ಒಬ್ಬಳೇ. "ಮನೆ ಮುಂದೆ ಬರ್ದೇ ಎಲ್ಲಿಗ್ ಹೋಗ್ತಾಳೆ" ಅಂತ ಡಬ್ಬಿ ಹಿಡಿದು ರಸ್ತೆಯಲ್ಲಿ ನಿಂತಿದ್ದಳಂತೆ. ನನ್ನನ್ನು ನೋಡಿದವಳೂ ಅವಳೊಬ್ಬಳೇ.

ಎರಡನೇ ಸಲ

ಇನ್ನೊಂದು ಅವಕಾಶ ಸಿಕ್ಕಿತು. ಈ ಸಲ ತರೀಕೆರೆ ಮೇಲೇ ಹೋಗ್ತೀನಿ ಅಂತ ಹೇಳಿದರೆ ಯಾರೂ ನಂಬಲಿಲ್ಲ. "ಹೋದ್ ಸಲಾನೂ ಹಂಗೇ ಅಂದಿದ್ದೆ" ಅಂದರು ಅಪ್ಪ.

ಬೀರೂರು ಬಂದಾಗ ಹಲ್ಲು ಕಚ್ಚಿ ಎಡಕ್ಕೆ ತಿರುಗಿದೆ. ತರೀಕೆರೆ ಬಂತು, ಲಕ್ಕವಳ್ಳಿ ನೀರು ಕಂಡಿತು, ಕೂದಲೆಳೆಯಷ್ಟೂ ಆಚೀಚೆ ಆಗದೆ ಇಳಿದೆ. ಲಾಗ್‌ಬುಕ್ಕಿಗೆ ಸಹಿ ಬಿತ್ತು. ಆ ಪುಟವನ್ನು ಎಷ್ಟು ಸಲ ತೆಗೆದು ನೋಡಿದೆನೋ ನನಗೇ ಗೊತ್ತಿಲ್ಲ.

ಅದನ್ನು ತೋರಿಸಲು ಊರಿಗೆ ಹೋದರೆ ಒಬ್ಬರ ಮುಖದಲ್ಲೂ ನಗುವಿಲ್ಲ. ಆ ದಿನ ತರೀಕೆರೆಗೆ ಒಬ್ಬರೂ ಹೋಗಿರಲಿಲ್ಲ. ಅಜ್ಜಿಯ ಮಾತು ನಂಬಿ ಇಡೀ ಬೀದಿ ನಮ್ಮ ಮನೆ ಮುಂದೆ ನೆರೆದಿತ್ತು. ಅಪ್ಪ ಬಸ್ಸು ನಿಲ್ಲಿಸಿಕೊಂಡು, ವಿಮಾನಕ್ಕೆ ಇಲ್ಲದ ಎರಡು ಹಾರ್ನನ್ನು ತಾವೇ ಹೊಡೆದಿದ್ದರು.

ಅಜ್ಜಿ ತಟ್ಟೆಗೆ ಮುದ್ದೆ ಹಾಕಿ, ಸಾರು ಬಿಟ್ಟು, ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಓಡ್ಸಕ್ ಬರ್ದಿದ್ದಾಗ ಸೀದಾ ಮನೆಗ್ ಬಂದೆ. ಕಲ್ತ್‌ಮೇಲೆ ದಾರಿ ತಪ್ಪಿಸ್ಕಂಡೆ. ಇಂಥೋಳಿಗೆ ಅದ್ಯಾರೇ ಸಹಿ ಹಾಕ್ಕೊಟ್ಟೋರು?"