ಗಿರಣಿಗೆ ಮೊದಲ ತಾಟು

ಜತ್ತದ ಲಗಮಣ್ಣ ಮತ್ತು ಬೀರವ್ವನ ವಿಷಯ ಹೇಳಲೇಬೇಕು. ತಪ್ಪು ಒಪ್ಪಿಕೊಂಡ ಗಂಡ, ಗೆದ್ದ ಮೇಲೂ ಮೆರೆಯದ ಹೆಂಡತಿ, ಇಬ್ಬರನ್ನೂ ಒಂದೇ ಮನೆಯಲ್ಲಿ ನಾನು ಕಂಡದ್ದು ಅಲ್ಲೇ. ಅವಳು ಚುಚ್ಚಲೇ ಇಲ್ಲ ಎನ್ನಲಾರೆ, ಹದವಾಗಿ ಚುಚ್ಚಿದಳು.

ಐವತ್ತೇಳನೇ ಇಸವಿ. ಓಣಿಗೆ ಕರೆಂಟು ಬಂದಿತ್ತು, ದೀಪಕ್ಕೆ ಸಾಕಾಗುವ ಎರಡೇ ತಂತಿಯದು. ಲಗಮಣ್ಣನ ಗರಗಸ, ಸಾಣೆಕಲ್ಲಿನ ಮೋಟಾರುಗಳಿಗೆ ಬೇಕಾದದ್ದು ಮೂರು. ಮಿರಜದಲ್ಲಿ ಮೋಟಾರು ಕೆಲಸ ಕಲಿತವನು ಅಂಜುತ್ತಾನೆಯೇ? ಪಡಸಾಲೆಯ ಮೂಲೆಯಲ್ಲಿ ಒಂದು ಹಳೆಯ ಮೋಟಾರು ಕೂಡ್ರಿಸಿದ. ಹಗ್ಗ ಸುತ್ತಿ ಜಗ್ಗಿ, ಅದು ತಿರುಗುತ್ತಲೇ ಕರೆಂಟು ಬಿಡುವುದು. ಅದು ಬೇರೆ ಯಾವ ಕೆಲಸವನ್ನೂ ಮಾಡದೆ ಸುಮ್ಮನೆ ತಿರುಗುತ್ತ, ಇಲ್ಲದ ಮೂರನೇ ತಂತಿಗೆ ಕರೆಂಟು ಹುಟ್ಟಿಸಿ ಕೊಡುತ್ತಿತ್ತು. ಗರಗಸ ತಿರುಗಿತು, ಸಾಣೆಕಲ್ಲು ತಿರುಗಿತು, ಲಗಮಣ್ಣನ ತಲೆಯೂ ತಿರುಗಿತು. ಐದು ಹಾರ್ಸ್‌ಪವರಿನ ಹಿಟ್ಟಿನ ಗಿರಣಿಯನ್ನೇ ತಂದ.

ಮರುದಿನ ಅದೇ ಓಣಿಯ ಸಾತಪ್ಪನ ಮಗಳ ಮದುವೆ. "ನಿಮ್ಮ ಮನ್ಯಾಗ ಯಾರೂ ಬೀಸಾಕ ಕುಂದ್ರಬ್ಯಾಡ್ರಿ ಮಾಮಾ. ಎರಡ ಚೀಲ ಜ್ವಾಳ ತರ್ರಿ. ಚಾ ಕುಡಿಯೂದ್ರಾಗ ಹಿಟ್ಟ," ಎಂದು ಲಗಮಣ್ಣ ಅವನಿಗೆ ಮಾತು ಕೊಟ್ಟ.

ಚೀಲ ಬಂದವು. ಲಗಮಣ್ಣ ಗಿರಣಿಗೆ ಭಂಡಾರದ ಅರಿಸಿನ ಹಚ್ಚಿ ಕಾಯಿ ಒಡೆದ. ಅವನ ಮನೆಯಲ್ಲಿ ಊಟದ ಮೊದಲ ತಾಟು ಹಿರಿಯರಿಗೆ. ಮೋಟಾರಿಗೂ ಅದೇ ಪದ್ಧತಿ ಎಂದು ಸಣ್ಣವನ್ನೆಲ್ಲ ನಿಲ್ಲಿಸಿ ದೊಡ್ಡದಕ್ಕೇ ಮೊದಲು ಕರೆಂಟು ಬಿಟ್ಟ.

ಗಿರಣಿ ಗುಂಯ್ ಎಂದಿತು. ತಿರುಗಲಿಲ್ಲ. ಫ್ಯೂಜು ಹಾರಿತು. ಫ್ಯೂಜಿಗೆ ತಂತಿ ಕಟ್ಟಿ, ಮೂಲೆಯ ಮೋಟಾರಿನ ಹಗ್ಗ ಜಗ್ಗಿ, ಮತ್ತೆ ಬಿಟ್ಟ. ಮತ್ತೆ ಹಾರಿತು. ನಾಲ್ಕನೇ ಸಲಕ್ಕೆ ಅವನ ಅಂಗೈ ಸುಲಿದಿತ್ತು, ಪಕ್ಕದ ಮನೆಯ ಗುರವ್ವಜ್ಜಿ ಬಾಗಿಲಲ್ಲಿ ನಿಂತಿದ್ದಳು.

"ಲಗಮಣ್ಣಾ, ನಮ್ಮ ಅಡಗಿಮನಿ ದೀಪ ಕಣ್ಣ ಹೊಡ್ಯಾಕತ್ತೈತಿ. ಈ ವಯಸ್ಸಿನ್ಯಾಗ ನನಗ್ಯಾಕಪ್ಪಾ ಅದು?"

ಸಾತಪ್ಪ ಚೀಲದ ಮೇಲೆ ಕೂತಿದ್ದ. "ಚಾ ಮೂರ ಸಲ ಆತು. ಹಿಟ್ಟ? ನಾಳೆ ಬೀಗರಿಗೆ ರೊಟ್ಟಿ ಬದಲಿ ಏನ್ ನೀಡ್ಲಿ, ಫ್ಯೂಜ?"

ಬೀರವ್ವ ಒಳಗಿನಿಂದ ಬಂದಳು. "ಹುಡುಗೂರು ಹಸದು ಚೀರಾಕತ್ತಾಗ ನಿಮ್ಮಪ್ಪಾರು ಎಂದಾರ ಉಂಡಾರೇನ್ರಿ? ಮೊದಲ ಸಣ್ಣವಕ್ಕ ನೀಡ್ರಿ."

"ನಿನಗ ಮೋಟಾರಿಂದು ಏನ್ ತಿಳಿತೈತಿ?"

"ಏನೂ ಇಲ್ರಿ. ನಿಮಗ ತಿಳದೈತಲ್ಲ, ಗಿರಣಿ ಎಲ್ಲಿ ತಿರಗೇತಿ?"

ಲಗಮಣ್ಣ ಫ್ಯೂಜು ಕಟ್ಟಿ ಹಗ್ಗ ಜಗ್ಗಿದ. ಅವಳು ಗರಗಸ ಹಚ್ಚಿದಳು, ತಿರುಗಿತು. ಸಾಣೆಕಲ್ಲು ಹಚ್ಚಿದಳು, ತಿರುಗಿತು. ಆಮೇಲೆ ಗಿರಣಿ. ಅದು ಒಮ್ಮೆ ಗೊಣಗಿ, ಗರಗರ ತಿರುಗಿತು. ತಿರುಗುವ ಪ್ರತಿ ಮೋಟಾರೂ ಆ ಮೂರನೇ ತಂತಿಗೆ ಒಂದಿಷ್ಟು ಬಲ ಕೊಡುತ್ತದೆಂದು ಅವನಿಗೆ ಆಗ ಹೊಳೆಯಿತು.

ಸಂಜೆಯೊಳಗೆ ಸಾತಪ್ಪ ಹಿಟ್ಟು ಹೊತ್ತು ಹೋದ. ಲಗಮಣ್ಣ ಒಲೆಯ ಮುಂದೆ ಬಂದು ಕೂತ.

"ನೀ ಅಂದದ್ದ ಖರೆ. ನಂದ ತಪ್ಪ."

"ಇರ್ಲಿ ಬಿಡ್ರಿ. ನಾಳಿಂದ ಗಿರಣಿ ನಾ ನಡಸ್ತೀನಿ. ಆದರ ಗಿರಣಿ ಸಲುವಾಗಿ ಹಚ್ಚಿದ ಗರಗಸ ಬರೇ ತಿರಗಬಾರ್ದು ನೋಡ್ರಿ. ನೀವು ಕುಂತು ಕಟಗಿ ಮಣಿ ಕೊಯ್ರಿ."

ಅಂದಿನಿಂದ ಅವಳು ಬೀಸುತ್ತಾಳೆ, ಅವನು ಮಣೆ ಕೊಯ್ಯುತ್ತಾನೆ. ಓಣಿಯಲ್ಲಿ ಕೂಡ್ರುವವರಿಗಿಂತ ಮಣೆಗಳೇ ಹೆಚ್ಚಾಗಿವೆ. ನೀವು ಜತ್ತಕ್ಕೆ ಹೋದರೆ ಅವರನ್ನು ಕಂಡು ಬನ್ನಿ, ಬೀಸಿಸಲು ಒಂದು ಸೇರು ಜೋಳ ಒಯ್ಯಿರಿ. ಹೊರಡುವಾಗ ಅವನು ಮಣೆ ಕೊಡುತ್ತಾನೆ. ದಯವಿಟ್ಟು ಬೇಡ ಎನ್ನಬೇಡಿ. ಅವರ ಮನೆಯಲ್ಲಿ ಇನ್ನು ಇಡಲು ಜಾಗವಿಲ್ಲ.